ಸಹಾಯ ಬೇಕು: ಪೋರ್ಟ್ ಲೋಗನ್ ಮೀನಿನ ಕೊಳಕ್ಕೆ ಅಪ್ಪ ಅಮ್ಮನ ಜೊತೆ ಹೋಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಗ್ಲಾಸ್ಗೋದಲ್ಲಿದ್ದೇನೆ, ಮೈಸೂರಿಂದ ಅಪ್ಪ ಅಮ್ಮ ಬಂದಿದ್ದಾರೆ. ಸ್ಕಾಟ್ಲೆಂಡಿನ ನೈಋತ್ಯ ತುದಿಯಲ್ಲಿರುವ ಲೋಗನ್ ಮೀನಿನ ಕೊಳ ತೋರಿಸಬೇಕು ಅಂತ ತುಂಬಾ ಆಸೆ. ಸಮುದ್ರದ ದಡದಲ್ಲೇ ಬಂಡೆಯೊಳಗೆ ದುಂಡಗಿನ ಗುಂಡಿ, ಉಬ್ಬರ ಬಂದಾಗ ಕಲ್ಲಿನ ಬಿರುಕಿಂದ ಹೊಸ ನೀರು ತಾನಾಗಿ ಒಳಗೆ ಬರುತ್ತದೆ. 1788ರಲ್ಲಿ ಕೆಲಸ ಶುರುವಾಗಿ 1800ರಲ್ಲಿ ಮುಗಿಯಿತಂತೆ. ಅಲ್ಲಿನ ಜಮೀನ್ದಾರ ಆಂಡ್ರೂ ಮ್ಯಾಕ್‌ಡೌಲ್ ಮನೆಯ ಅಡುಗೆಗೆ ಸದಾ ತಾಜಾ ಮೀನು ಸಿಗಲಿ ಅಂತ ಮಾಡಿಸಿದ್ದು. ಆಮೇಲೆ ಅಲ್ಲಿನ ಕಾಡ್ (cod) ಅನ್ನೋ ಜಾತಿಯ ಸಮುದ್ರ ಮೀನುಗಳು ಎಷ್ಟು ಪಳಗಿದವು ಅಂದರೆ, ಕೈಯಿಂದಲೇ ಆಹಾರ ತಿನ್ನುತ್ತಿದ್ದವು!

ಇದನ್ನು ಹೇಳಿದ ಕೂಡಲೇ ಅಮ್ಮನಿಗೆ ಶೃಂಗೇರಿ ನೆನಪಾಯಿತು. ತುಂಗೆಯ ಮೆಟ್ಟಿಲ ಮೇಲೆ ಕೂತು ಪುರಿ ಎಸೆದರೆ ಕಪ್ಪು ಬೆನ್ನುಗಳು ಒಂದರ ಮೇಲೊಂದು ಏರಿ ಬರುತ್ತವಲ್ಲ, ಅದೇ. "ಇಲ್ಲೂ ಹಾಗೇನಾ?" ಅಂತ ಎರಡು ದಿನದಿಂದ ಕೇಳುತ್ತಿದ್ದಾರೆ.

ಇತ್ತೀಚೆಗೆ ಯಾರಾದರೂ ಹೋಗಿದ್ದೀರಾ? ಈಗ ತೆರೆದಿದೆಯಾ, ಮೊದಲೇ ಫೋನ್ ಮಾಡಿ ಹೋಗಬೇಕಾ? ಕೊಳಕ್ಕೆ ಇಳಿಯಲು ಎಷ್ಟು ಮೆಟ್ಟಿಲು, ಹಿಡಿಯಲು ಕಂಬಿ ಇದೆಯಾ? ಅಮ್ಮನಿಗೆ ಮಂಡಿ ನೋವು, ಅದಕ್ಕೇ ಈ ಪ್ರಶ್ನೆ ಜಾಸ್ತಿ ಮುಖ್ಯ. ಮೇಲಿಂದಲೇ ನೋಡಿದರೂ ಮೀನು ಕಾಣುತ್ತವಾ? ನಮ್ಮ ಹತ್ತಿರ ಕಾರಿಲ್ಲ. ಸ್ಟ್ರ್ಯಾನ್‌ರಾರ್‌ವರೆಗೆ ರೈಲಿದೆ, ಅಲ್ಲಿಂದ ಭಾನುವಾರ ಬಸ್ ಸಿಗುತ್ತದಾ, ಟ್ಯಾಕ್ಸಿಯೇ ಗತಿಯಾ? ಹತ್ತಿರದ ಲೋಗನ್ ಸಸ್ಯೋದ್ಯಾನವನ್ನೂ ಅದೇ ದಿನ ನೋಡಬಹುದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ, ಮುಂದಿನ ವಾರವೇ ಹೊರಡಬೇಕು.