ಸಾಯದ ಗಿಡ ಇದ್ದರೆ ಹೇಳಿ, ಜೊತೆಗೊಂದು ಜೋಕೂ ಇರಲಿ

ಪ್ರಶ್ನೆ:
ನನ್ನ ಕೈಗೆ ಸಿಕ್ಕಿ ಇಲ್ಲಿವರೆಗೆ ಆರು ಗಿಡ ಸತ್ತಿವೆ. ಕೊನೆಯದು ಲೋಳೆಸರ. ದಿನಾ ಬೆಳಿಗ್ಗೆ ಒಂದು ಲೋಟ ನೀರು ಹಾಕುತ್ತಿದ್ದೆ, ಪ್ರೀತಿಯಿಂದಲೇ. ಒಂದು ದಿನ ಎಲೆ ಮುಟ್ಟಿದರೆ ಬುಡಸಮೇತ ಕೈಗೆ ಬಂತು, ನೆನೆದ ಸೋಪಿನ ಹಾಗೆ. ಮರೆತರೂ ಬದುಕುವ ಗಿಡ ಹೇಳಿ. ಜೋಕ್ ಇಲ್ಲದ ಉತ್ತರ ಓದುವುದಿಲ್ಲ. ನಾನೇ ಶುರು ಮಾಡುತ್ತೇನೆ: ಒಂದೇ ಕುಂಡದ ಎರಡು ಗಿಡ ಯಾಕೆ ಜಗಳ ಆಡಿದವು? ಅವುಗಳ ಬೇರು ಬೇರೆ ಬೇರೆ!

ಉತ್ತರ 1:
ಮರೆತದ್ದಲ್ಲ ಮಾರಾಯ್ರೇ, ನೆನಪಿಟ್ಟದ್ದೇ ತಪ್ಪು. ಲೋಳೆಸರ ಎಲೆಯಲ್ಲೇ ನೀರು ಕೂಡಿಡುತ್ತದೆ. ದಿನಾ ಸುರಿದರೆ ಬೇರು ಕೊಳೆಯುತ್ತದೆ. ಸ್ನೇಕ್ ಪ್ಲಾಂಟ್ ತನ್ನಿ. ಬೆರಳು ಮಣ್ಣಿಗೆ ಇಳಿಸಿ ನೋಡಿ, ಪೂರ್ತಿ ಒಣಗಿದ್ದರೆ ಮಾತ್ರ ನೀರು. ಕುಂಡದ ತಳದಲ್ಲಿ ತೂತು ಇದೆಯಾ? ಅದನ್ನು ಮೊದಲು ನೋಡಿ.
ಜೋಕ್: ನನ್ನ ತೋಟ ನೋಡಿದವರೆಲ್ಲ ‘ಒಳ್ಳೆ ಕಳೆ ಬಂದಿದೆ’ ಅಂತಾರೆ. ಹೊಗಳಿದರೋ ಬೈದರೋ ಇನ್ನೂ ಗೊತ್ತಾಗಿಲ್ಲ.

ಉತ್ತರ 2:
ಬಿಸಿಲು ಜಾಸ್ತಿ ಇದ್ದರೆ ಟೇಬಲ್ ರೋಸ್. ಒಂದು ತುಂಡು ಮುರಿದು ಸುಮ್ನೆ ಮಣ್ಣಿಗೆ ಚುಚ್ಚಿ, ಹಿಡಿದುಕೊಳ್ಳುತ್ತದೆ. ಬಿಸಿಲು ಏರಿದ ಮೇಲೇ ಹೂ ಬಿಚ್ಚುವುದು, ಮೋಡ ಇದ್ದರೆ ಮುದುಡಿಕೊಂಡೇ ಇರುತ್ತದೆ. ಥೇಟ್ ನನ್ನ ಮಗ. ಜೋಕ್ ಇದೇ, ಮನೆಯಲ್ಲಿ ಯಾರೂ ನಗುವುದಿಲ್ಲ.

ಪ್ರಶ್ನೆ ಕೇಳಿದವರು:
ಈಗಷ್ಟೇ ಕುಂಡ ಬೋರಲು ಹಾಕಿ ನೋಡಿದೆ. ತೂತೇ ಇಲ್ಲ! ಅಂದ್ರೆ ನಾನು ಇಷ್ಟು ದಿನ ಗಿಡ ನೆಟ್ಟದ್ದು ಬಾವಿಯಲ್ಲಿ. ಸ್ನೇಕ್ ಪ್ಲಾಂಟೇ ತರುತ್ತೇನೆ. ಹಾವು ಈಜುತ್ತೆ, ಅಲ್ವಾ?