‘ಸತ್ತೆ’ ಮತ್ತು ‘ಸತ್ತುಹೋದೆ’: ವಿಡಿಯೊ ಗೇಮ್ ಆಡುವವರ ಬಾಯಲ್ಲಿ

ಮಾನ್ಯರೇ,

ವಿಡಿಯೊ ಗೇಮ್ ಆಡುವ ಹುಡುಗರ ಮಾತಿನಲ್ಲಿ ‘ಸಾಯು’ ಎಂಬ ಕ್ರಿಯಾಪದ ಪಡೆದಿರುವ ಬಳಕೆಯ ಬಗ್ಗೆ ತಿಳಿದವರಿಂದ ವಿವರಣೆ ಬಯಸಿ ಇದನ್ನು ಬರೆಯುತ್ತಿದ್ದೇನೆ. ‘ನಾನು ಸತ್ತೆನು’ ಎಂಬ ಉತ್ತಮಪುರುಷ ಭೂತಕಾಲದ ರೂಪಕ್ಕೆ ವ್ಯಾಕರಣದಲ್ಲಿ ಯಾವ ಅಡ್ಡಿಯೂ ಇಲ್ಲವಾದರೂ ಅದನ್ನು ವಾಚ್ಯಾರ್ಥದಲ್ಲಿಯೇ ನುಡಿಯುವ ಅಧಿಕಾರವುಳ್ಳವರು ನಮ್ಮ ಪುರಾಣಗಳಲ್ಲಿಯೂ ವಿರಳ. ಶುಕ್ರಾಚಾರ್ಯರ ಮೃತಸಂಜೀವಿನಿಯ ದಯೆಯಿಂದ ಮೂರು ಬಾರಿ ಸತ್ತು ಮೂರು ಬಾರಿಯೂ ಎದ್ದ ಕಚನಿಗೆ ಆ ಹಕ್ಕಿತ್ತು ಎನ್ನಬಹುದು. ಈಗಿನ ಮಕ್ಕಳು ಒಂದು ಸಂಜೆಯಲ್ಲೇ ಕಚನನ್ನು ಮೀರಿಸುತ್ತಾರೆ.

ನನ್ನ ಮೊದಲ ಪ್ರಶ್ನೆ ಕಾಲಕ್ಕೆ ಸಂಬಂಧಿಸಿದ್ದು. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಆಡುವವನು ‘ಸತ್ತೆ, ಸತ್ತೆ, ಸತ್ತೆ!’ ಎಂದು ಕೂಗುವಾಗ ಅವನು ಬದುಕಿಯೇ ಇರುತ್ತಾನೆ. ಎದುರಾಳಿ ಸಮೀಪಿಸಿದ್ದಾನೆ, ಯಾರಾದರೂ ನೆರವಿಗೆ ಬನ್ನಿ ಎಂಬುದಷ್ಟೇ ಅದರ ಅರ್ಥ. ನಿಜವಾಗಿ ಆಟದಿಂದ ಹೊರಬಿದ್ದ ಮೇಲೆ ಅವನು ಹೇಳುವುದು ‘ಸತ್ತೋದೆ’ ಎಂದು. ಬಾಗಿಲು ತಟ್ಟಿದವರಿಗೆ ಒಳಗಿನಿಂದಲೇ ‘ಬಂದೆ, ಬಂದೆ’ ಎನ್ನುವ ನಮಗೆ, ಇನ್ನೇನು ನಡೆಯಲಿರುವುದನ್ನು ಭೂತಕಾಲದಲ್ಲಿ ಹೇಳುವ ರೂಢಿ ಹೊಸದಲ್ಲ. ಹಾಗೆಯೇ, ಒಂದು ಕ್ರಿಯೆಗೆ ‘ಹೋಗು’ ಸೇರಿದಾಗ ಅದು ನಡೆದೇಹೋಯಿತು, ಇನ್ನು ಮಾಡುವುದೇನೂ ಉಳಿದಿಲ್ಲ ಎಂಬ ಛಾಯೆ ಬರುವುದೂ ಎಲ್ಲರಿಗೂ ಗೊತ್ತಿರುವುದೇ. ಆದರೆ ಈ ಎರಡರ ನಡುವಿನ ಗೆರೆಯನ್ನು ಇಷ್ಟು ಕಟ್ಟುನಿಟ್ಟಾಗಿ ಕಾಯುವವರನ್ನು ನಾನು ಬೇರೆಡೆ ಕಂಡಿಲ್ಲ. ಸಾಲದ್ದಕ್ಕೆ ಪಬ್ಜಿಯಂತಹ ಆಟಗಳಲ್ಲಿ ‘ನಾಕ್ ಆದೆ’ ಎಂಬ ನಡುವಿನ ಸ್ಥಿತಿಯೊಂದಿದೆ. ಆ ಸ್ಥಿತಿಯಲ್ಲಿರುವವನು ತೆವಳುತ್ತಾನೆ, ಗೆಳೆಯನನ್ನು ಬೈಯುತ್ತಾನೆ, ಆ ಗೆಳೆಯ ಸಕಾಲಕ್ಕೆ ಬಂದು ‘ರಿವೈವ್’ ಮಾಡಿದರೆ ಎದ್ದೂ ನಿಲ್ಲುತ್ತಾನೆ.

ಈ ಬಳಕೆ ಮನೆಯೊಳಗೆ ಉಂಟುಮಾಡುವ ಪರಿಣಾಮವನ್ನೂ ಇಲ್ಲಿ ದಾಖಲಿಸಬೇಕು. ಹಲವರು ಒಟ್ಟಿಗೆ ಕೂಡಿ ಆಡುವ ಆನ್‌ಲೈನ್ ಆಟಗಳನ್ನು ಒಬ್ಬನ ಸಲುವಾಗಿ ನಡುವೆ ನಿಲ್ಲಿಸಲು ಬರುವುದಿಲ್ಲವಾದ್ದರಿಂದ, ಊಟಕ್ಕೆ ಕರೆದ ತಾಯಿಗೆ ಸಿಗುವ ಉತ್ತರ ‘ತಾಳಮ್ಮಾ, ಸತ್ತ ಮೇಲೆ ಬರ್ತೀನಿ’ ಎಂದಾಗಿರುತ್ತದೆ. ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯದಲ್ಲಿ ಎಳ್ಳಷ್ಟೂ ದೋಷವಿಲ್ಲ. ಪಕ್ಕದಲ್ಲೇ ಕುಳಿತ ಅಜ್ಜಿಯಾದರೋ ಗಾಬರಿಯಿಂದ ‘ಬಿಡ್ತು ಅನ್ನು’ ಎನ್ನುತ್ತಾರೆ. ಮೊಮ್ಮಗ ಪರದೆಯಿಂದ ಕಣ್ಣು ಕೀಳದೆ ‘ಬಿಡ್ತು’ ಎಂದವನೇ ಮರುಕ್ಷಣವೇ ಸಾಯುತ್ತಾನೆ.

ಕರ್ತೃಪದದ ವಿಚಾರ ನನಗೆ ಇದಕ್ಕಿಂತಲೂ ಕುತೂಹಲಕರವಾಗಿ ತೋರುತ್ತದೆ. ಚೌಕಾಬಾರದಲ್ಲಿ ಎದುರಾಳಿ ನಮ್ಮ ಕಾಯಿಯನ್ನು ಕಡಿದರೆ ‘ನನ್ನ ಕಾಯಿ ಹೋಯಿತು’ ಎನ್ನುತ್ತೇವೆ, ಚದುರಂಗದಲ್ಲಿ ‘ನನ್ನ ಕುದುರೆ ಹೋಯಿತು’ ಎನ್ನುತ್ತೇವೆ. ಕಾಯಿ ಹಣ್ಣಾದರೂ ಹಣ್ಣಾಗುವುದು ಕಾಯಿಯೇ ಹೊರತು ಆಡುವವನಲ್ಲ. ವಿಡಿಯೊ ಗೇಮಿನಲ್ಲಿ ಹಳ್ಳಕ್ಕೆ ಬಿದ್ದವನು ಮಾರಿಯೊ ಆಗಿದ್ದರೂ ‘ಮಾರಿಯೊ ಸತ್ತ’ ಎಂದು ಯಾರೂ ಹೇಳುವುದಿಲ್ಲ, ‘ನಾನು ಸತ್ತೆ’ ಎಂದೇ ಹೇಳುತ್ತಾರೆ. ಗೆದ್ದಾಗ ‘ನಾನು’ ಬರುವುದು ಸಹಜ. ಸತ್ತಾಗಲೂ ಕಾಯಿಯ ಮೇಲೆ ಹೊರೆ ಹೊರಿಸದಿರುವ ಈ ಪ್ರಾಮಾಣಿಕತೆಯನ್ನು ಮೆಚ್ಚಬೇಕೆನ್ನುವಷ್ಟರಲ್ಲಿ ಅವರು ನೆಟ್‌ವರ್ಕ್ ಮೇಲೆ ಹೊರಿಸಿಬಿಡುತ್ತಾರೆ: ‘ಲ್ಯಾಗ್ ಆಯ್ತು, ಅದಕ್ಕೇ ಸತ್ತೆ.’

‘ಜೀವ’ ಮಾತ್ರ ಈ ವ್ಯವಹಾರದಿಂದ ಹೊರಗೆ ಉಳಿದಿದೆ. 1985ರ ಸೂಪರ್ ಮಾರಿಯೊ ಬ್ರದರ್ಸ್ ಆಟ ಮೂರು ಲೈಫುಗಳಿಂದ ಆರಂಭವಾಗುತ್ತದೆ. ನೂರು ನಾಣ್ಯ ಕೂಡಿಸಿದರೆ ಇನ್ನೊಂದು ಸಿಗುತ್ತದೆ. ಮನೆಯ ಟಿವಿಗೆ ಜೋಡಿಸಿ ಆಡುತ್ತಿದ್ದ ಕಾಂಟ್ರಾದಲ್ಲಂತೂ ಗುಂಡಿಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಒತ್ತಿದರೆ ಮೂವತ್ತು ಲೈಫುಗಳು ಒಮ್ಮೆಗೇ ಕೈಸೇರುತ್ತಿದ್ದವು. ಇವನ್ನು ‘ಮೂವತ್ತು ಜೀವ’ ಎಂದು ಕರೆದವರನ್ನು ನಾನು ಕೇಳಿಲ್ಲ. ಎಣಿಸಿ, ಸಾಲ ಕೇಳಿ, ಪೋಲು ಮಾಡಬಹುದಾದದ್ದು ಲೈಫ್. ‘ಜೀವ ಹೋಯಿತು’ ಎಂದರೆ ಇಂದಿಗೂ ಅಕ್ಕಪಕ್ಕದ ಮನೆಯವರು ಓಡಿ ಬರುತ್ತಾರೆ.

ಇನ್ನು ಕೊಲ್ಲುವ ಪದ. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ಮೊಬೈಲ್ ನಿಷೇಧಕ್ಕೆ ಒಳಗಾಗಿ, 2021ರಲ್ಲಿ ಅದರ ಜಾಗಕ್ಕೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಬಂದಾಗ, ಹಿಂಸೆಯ ತೀವ್ರತೆ ತಗ್ಗಲೆಂದು ರಕ್ತಕ್ಕೆ ಹಸಿರು ಬಣ್ಣ ಬಳಿದು ‘ಕಿಲ್’ ಎಂಬುದರ ಬದಲಿಗೆ ‘ಫಿನಿಶ್’ ಎಂಬ ಪದವನ್ನು ತಂದರು. ಈ ಸೌಮ್ಯೀಕರಣ ಕನ್ನಡಕ್ಕೆ ಬರುವಷ್ಟರಲ್ಲಿ ತಲೆಕೆಳಗಾಗಿದೆ. ನಮ್ಮಲ್ಲಿ ‘ಹೊಡೆದೆ’ ಎಂದರೆ ಏಟು ತಿಂದವನು ಬದುಕಿರುವ ಸಾಧ್ಯತೆ ಉಂಟು. ‘ಅವನನ್ನು ಮುಗಿಸಿದೆ’ ಎಂದರೆ ಪೊಲೀಸರೂ ಬೇರೆ ಅರ್ಥ ಮಾಡಿಕೊಳ್ಳಲಾರರು.

ಆಡುವವರು ‘ರಿವೈವ್’ ಎಂಬುದಕ್ಕೆ ಕನ್ನಡ ಪದ ಬೇಕೆಂದು ಕೇಳಿಲ್ಲವಾದರೂ ನಾವು ಕೊಡದೆ ಬಿಡುವವರಲ್ಲ. ‘ಪುನರುಜ್ಜೀವನಗೊಳಿಸು’ ಎಂಬುದನ್ನು ದಯವಿಟ್ಟು ಸೂಚಿಸಬೇಡಿ. ಆ ಪದ ಬಾಯಿಂದ ಪೂರ್ತಿ ಹೊರಬರುವುದರೊಳಗೆ ನಾಕ್ ಆದವನು ಸತ್ತೋಗಿರುತ್ತಾನೆ. ಎದುರು ತಂಡದವನೊಬ್ಬ ಔಟಾದರೆ ನಮ್ಮ ತಂಡದವನೊಬ್ಬ ಮರಳಿ ಅಂಕಣಕ್ಕೆ ಬರುವ ಕಬಡ್ಡಿಯ ಪ್ರಕಾರಕ್ಕೆ ‘ಸಂಜೀವನಿ’ ಎಂಬ ಹೆಸರು ಮೊದಲಿನಿಂದಲೂ ಇರುವುದರಿಂದ ಆ ದಿಕ್ಕಿನಲ್ಲಿ ಯೋಚಿಸಬಹುದೆಂದು ನನ್ನ ಅನಿಸಿಕೆ.

ಕಬಡ್ಡಿಯ ಮಾತು ಬಂದದ್ದರಿಂದ ಕೊನೆಯ ಪ್ರಶ್ನೆ. ನಿಮ್ಮ ಊರಿನ ಕಬಡ್ಡಿ, ಲಗೋರಿ ಆಟಗಳಲ್ಲಿ ಹೊರಬಿದ್ದವನನ್ನು ‘ಔಟ್’ ಎನ್ನದೆ ‘ಸತ್ತ’ ಎನ್ನುವ ವಾಡಿಕೆ ಇತ್ತೇ? ಇದ್ದಲ್ಲಿ, ಪರದೆಯ ಮುಂದೆ ಕುಳಿತ ಹುಡುಗರು ಹೊಸದೇನನ್ನೂ ಹುಟ್ಟುಹಾಕದೆ ಬಯಲಿನ ಮಾತನ್ನೇ ಒಳಗೆ ತಂದಿದ್ದಾರೆಂದು ಒಪ್ಪಬೇಕಾಗುತ್ತದೆ. ಧಾರವಾಡ, ಕಲಬುರಗಿ ಮತ್ತು ಕುಂದಾಪುರದ ಕಡೆಯವರು ತಮ್ಮ ಕಡೆಯ ಕ್ರಿಯಾರೂಪಗಳನ್ನೂ ಸೇರಿಸಿ ಉತ್ತರಿಸಿದರೆ ಉಪಕಾರವಾಗುತ್ತದೆ.