ಬದುಕಿರುವವರ ಬಗ್ಗೆ ಶೋಕಗೀತೆ ಬರೆಯಬಹುದೇ?

ಪ್ರಶ್ನೆ: ಹನುಮಂತನಗರದ ಓದುಗ

ಎಲ್ಲರಿಗೂ ನಮಸ್ಕಾರ. ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ನನ್ನ ಅಣ್ಣನ ಕುರಿತು ಒಂದು ನೀಳ್ಗವಿತೆ ಬರೆಯುತ್ತಿದ್ದೇನೆ. ಅವನ ಮಿದುಳಿನ ಮುಂಭಾಗಕ್ಕೆ, ಅಂದರೆ ಫ್ರಾಂಟಲ್ ಲೋಬ್‌ಗೆ, ಹಾನಿಯಾಗಿದೆ. ನಡೆಯುತ್ತಾನೆ, ಮಾತನಾಡುತ್ತಾನೆ, ನಮ್ಮನ್ನೆಲ್ಲ ಗುರುತಿಸುತ್ತಾನೆ. ಆದರೆ ಬ್ರಷ್ ಕೈಗೆ ಕೊಟ್ಟು ಹೇಳುವವರೆಗೂ ಹಲ್ಲುಜ್ಜಲು ಏಳುವುದಿಲ್ಲ, ಸಣ್ಣ ಮಾತಿಗೂ ಸಿಡುಕುತ್ತಾನೆ. ಬೀದಿಯಲ್ಲಿ ಯಾರ ಮನೆಯ ಕೆಲಸಕ್ಕಾದರೂ ಮೊದಲು ಓಡುತ್ತಿದ್ದವನು ಅವನು.

ಕವಿತೆ ಪೂರ್ತಿ ಭೂತಕಾಲದಲ್ಲಿದೆ. ಅತ್ತಿಗೆ ಅದನ್ನು ಓದಿ, "ನಿಮ್ಮಣ್ಣ ಒಳಗೆ ಕೂತು ಊಟ ಮಾಡುತ್ತಿದ್ದಾರೆ, ನೀನು ತಿಥಿ ಮಾಡಿ ಮುಗಿಸಿದ ಹಾಗೆ ಬರೆದಿದ್ದೀಯ" ಎಂದರು. ಅವರ ಮಾತು ನ್ಯಾಯವಾದದ್ದು. ಆದರೆ ಹಿಂದಿನ ಅಣ್ಣನನ್ನು ಕಳೆದುಕೊಂಡ ನನ್ನ ದುಃಖವೂ ಸುಳ್ಳಲ್ಲ. ಇವೆರಡಕ್ಕೂ ಒಂದೇ ಕವಿತೆಯಲ್ಲಿ ಜಾಗ ಮಾಡಿಕೊಡುವುದು ಹೇಗೆ?

ಉತ್ತರ: ಮಲ್ಲೇಶ್ವರದ ನಿವೃತ್ತ ಅಧ್ಯಾಪಕ

ಅಮೆರಿಕದ ರೈಲ್ವೆ ಕಾಮಗಾರಿಯ ಮೇಸ್ತ್ರಿ ಫಿನಿಯಸ್ ಗೇಜ್‌ನ ವಿಷಯ ನೀವು ಕೇಳಿರಬಹುದು. 1848ರಲ್ಲಿ ಸಿಡಿಮದ್ದು ಸ್ಫೋಟಿಸಿ ಕಬ್ಬಿಣದ ಸಲಾಕೆಯೊಂದು ಅವನ ತಲೆಬುರುಡೆಯನ್ನು ತೂರಿಕೊಂಡು ಹೊರಬಂದರೂ ಅವನು ಬದುಕುಳಿದ. ಅವನು ಈಗ ಹಳೆಯ ಗೇಜ್ ಅಲ್ಲ ಎಂದು ಪರಿಚಿತರು ಹೇಳಿದ್ದನ್ನು ವೈದ್ಯ ಹಾರ್ಲೋ 1868ರಲ್ಲಿ ದಾಖಲಿಸಿದರು. ಆ ಮಾತು ಪಠ್ಯಪುಸ್ತಕಗಳಲ್ಲಿ ಉಳಿಯಿತು. ಅದೇ ಗೇಜ್ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಸಾರೋಟು ಓಡಿಸಿ ದುಡಿದು ತಿಂದದ್ದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ನಿಮ್ಮ ಕವಿತೆಯಲ್ಲಿಯೂ ಸಲಾಕೆ ಇದೆ, ಸಾರೋಟು ಇಲ್ಲ. ಭೂತಕಾಲವನ್ನು ಕಿತ್ತುಹಾಕಬೇಕಿಲ್ಲ, ಅದು ನಿಮ್ಮ ದುಃಖದ ಕಾಲ. ಅಣ್ಣನಿಗೆ ವರ್ತಮಾನದಲ್ಲಿ ಒಂದು ಭಾಗ ಕೊಡಿ, ಅಲ್ಲಿ ಅವರು ಏನಾದರೂ ಮಾಡುತ್ತಿರಲಿ.

ಉತ್ತರ: ಜಯನಗರದ ಪುನರ್ವಸತಿ ಚಿಕಿತ್ಸಕಿ

ಸರ್, ಹೇಳದೆ ಏಳದಿರುವುದು ಸೋಮಾರಿತನವಲ್ಲ. ಒಂದು ಕೆಲಸವನ್ನು ತಾನಾಗಿ ಶುರುಮಾಡುವ ಶಕ್ತಿಗೆ ಮಿದುಳಿನ ಆ ಭಾಗವೇ ಆಧಾರ. ಕೆಲಸ ಮಾಡಲು ಬರುತ್ತದೆ, ಶುರುಮಾಡಲು ಆಗುವುದಿಲ್ಲ. ಕವಿತೆಯಲ್ಲಿ ಅದು ಅವರ ಗುಣದೋಷವೆಂಬಂತೆ ಕಾಣದಿರಲಿ.

ವ್ಯಕ್ತಿ ಎದುರಿಗಿದ್ದೂ ಮೊದಲಿನಂತೆ ಸಿಗದಿರುವ ಈ ಬಗೆಯ ದುಃಖವನ್ನು ಅಮೆರಿಕದ ಪಾಲಿನ್ ಬಾಸ್ ಎಂಬ ವಿದ್ವಾಂಸೆ ವಿಸ್ತಾರವಾಗಿ ಅಧ್ಯಯನ ಮಾಡಿ 'ಅಸ್ಪಷ್ಟ ನಷ್ಟ' ಎಂದು ಗುರುತಿಸಿದ್ದಾರೆ. ಸತ್ತವರಿಗಾದರೆ ಹನ್ನೊಂದು, ಹದಿಮೂರು ದಿನದ ಕರ್ಮಗಳಿವೆ, ಬಂದು ಮಾತನಾಡಿಸುವ ನೆಂಟರಿದ್ದಾರೆ. ಇಲ್ಲಿ ಬಂದವರೆಲ್ಲ "ಚೆನ್ನಾಗೇ ಇದ್ದಾನಲ್ಲ" ಎಂದು ಹೇಳಿ ಕಾಫಿ ಕುಡಿದು ಹೋಗುತ್ತಾರೆ. ಆದುದರಿಂದ ನಿಮ್ಮ ದುಃಖಕ್ಕೆ ಕವಿತೆ ಬೇಕು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಎಚ್ಚರಿಕೆಯ ಮಾತು. ಇಂಥ ಪೆಟ್ಟಾದ ಅನೇಕರಿಗೆ ತಮ್ಮಲ್ಲಿ ಆಗಿರುವ ಬದಲಾವಣೆ ತಮಗೇ ಪೂರ್ತಿ ಕಾಣುವುದಿಲ್ಲ. ಅದು ಹಟವಲ್ಲ, ಗಾಯದ್ದೇ ಒಂದು ಲಕ್ಷಣ. "ನನ್ನನ್ನು ನಾನೇ ಕಳೆದುಕೊಂಡೆ" ಎಂಬಂಥ ಸಾಲನ್ನು ಅಣ್ಣನ ಬಾಯಲ್ಲಿ ಹಾಕಿದರೆ ಅದು ನಿಮ್ಮ ಅಳಲಾಗುತ್ತದೆಯೇ ಹೊರತು ಅವರದ್ದಾಗುವುದಿಲ್ಲ.

ಉತ್ತರ: ವಿಜಯನಗರದ ಓದುಗ

ನನಗೂ ತಲೆಯ ಎಡಭಾಗಕ್ಕೆ ಪೆಟ್ಟಾಗಿತ್ತು. ಇಂದಿಗೂ ಸೊಪ್ಪಿನವರ ಮುಂದೆ ನಿಂತಾಗ ಕೊತ್ತಂಬರಿ ಎಂಬ ಹೆಸರು ಬಾಯಿಗೆ ಬರುವುದಿಲ್ಲ. ಬೆರಳು ತೋರಿಸಿ ಕೊಂಡು ತರುತ್ತೇನೆ. ಅದಕ್ಕಿಂತ ಹೆಚ್ಚು ನೋಯಿಸುವುದು, ಮೊದಲು ನಾನು ಎಷ್ಟು ಚುರುಕಾಗಿದ್ದೆ ಎಂದು ಮನೆಯವರು ನನ್ನೆದುರೇ ಬಂದವರಿಗೆ ಹೇಳುವುದು. ಸ್ವೀಡನ್ನಿನ ಕವಿ ಟ್ರಾನ್ಸ್‌ಟ್ರೋಮರ್ 1990ರಲ್ಲಿ ಪಾರ್ಶ್ವವಾಯು ಬಡಿದು ಮಾತನ್ನು ಬಹುಪಾಲು ಕಳೆದುಕೊಂಡ ನಂತರವೂ ಕವನ ಪ್ರಕಟಿಸಿದರು, ಎಡಗೈ ಒಂದರಿಂದಲೇ ಪಿಯಾನೋ ನುಡಿಸಿದರು. ಒಂದು ವಿಷಯ ಕೇಳಬೇಕು: ಕವಿತೆಯನ್ನು ಅತ್ತಿಗೆಯವರು ಓದಿದ್ದಾರೆ. ಅಣ್ಣನಿಗೆ ಓದಿ ಹೇಳಿದ್ದೀರಾ?

ಪ್ರಶ್ನೆ ಕೇಳಿದವರ ಮರುನುಡಿ

ನಿನ್ನೆ ರಾತ್ರಿ ಓದಿದೆ. ಅಣ್ಣ ನನಗೆ ಸೈಕಲ್ ಕಲಿಸಿದ ಭಾಗ ಬಂದಾಗ ಅವನು ತಡೆದು, "ಬ್ಯೂಗಲ್ ರಾಕ್ ಹತ್ತಿರ ಅಲ್ಲ, ನ್ಯಾಷನಲ್ ಕಾಲೇಜ್ ಮೈದಾನ. ಬಿದ್ದು ಮಂಡಿ ತರಚಿಕೊಂಡವನು ನಾನು, ನೀನಲ್ಲ" ಎಂದ. ಉಳಿದ ಭಾಗಕ್ಕೆ ಏನೂ ಹೇಳಲಿಲ್ಲ. ಅವನ ಬಗ್ಗೆಯೇ ಬರೆದದ್ದೆಂದು ಗೊತ್ತಾಯಿತೋ ಇಲ್ಲವೋ, ನಾನು ಕೆದಕಲಿಲ್ಲ. ಅವನ ಮಾತನ್ನು ಹಾಗೆಯೇ ಕವಿತೆಯೊಳಗೆ ತರುವುದೆಂದು ನಿರ್ಧರಿಸಿದ್ದೇನೆ. ಮಲ್ಲೇಶ್ವರದ ಸರ್, ಅವನು ತಿದ್ದಿದ ಸಾಲನ್ನು ನನ್ನ ತಪ್ಪು ಸಾಲಿನ ಕೆಳಗೇ ಇಡಲೇ, ಅಥವಾ ನೀವು ಹೇಳಿದ ವರ್ತಮಾನದ ಭಾಗಕ್ಕೆ ಒಯ್ಯಲೇ?